ಮೆಟ್ಟಿಲ ಬೆಟ್ಟಗಳ ಒಡಲಿನ ನೀರು

ಕಾಂಬೋಡಿಯಾದ ಅಂಗ್‌ಕೋರ್ ಥೋಮ್ ಕೋಟೆಯೊಳಗೆ, ಹಳೆಯ ಅರಮನೆಯ ಪ್ರಾಕಾರಕ್ಕೆ ತಾಗಿಕೊಂಡು, ಬಾಫುವಾನ್ ಎಂಬ ಶಿವಾಲಯವಿದೆ. ಇಮ್ಮಡಿ ಉದಯಾದಿತ್ಯವರ್ಮ 11ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿದ್ದು. ಪಾಯ ಪೂರ್ವಪಶ್ಚಿಮವಾಗಿ ಸುಮಾರು 120 ಮೀಟರ್, ದಕ್ಷಿಣೋತ್ತರವಾಗಿ 100 ಮೀಟರ್. ಹಿಂದೆ ಸರಿಯುತ್ತ ಏರುವ ಮೂರು ದೊಡ್ಡ ಅಂತಸ್ತುಗಳು. ತುದಿಯ ಗೋಪುರವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 34 ಮೀಟರ್ ಎತ್ತರ. 1296ರಲ್ಲಿ ಚೀನೀ ನಿಯೋಗದೊಂದಿಗೆ ಬಂದ ಜೌ ದಾಗ್ವಾನ್ ಇದನ್ನು ಕಂಚಿನ ಗೋಪುರವೆಂದು ಕರೆದು ಬೆರಗುಪಟ್ಟಿದ್ದಾನೆ. ಮೇರುಪರ್ವತವನ್ನು ನೆಲದ ಮೇಲೆ ಎಬ್ಬಿಸಬೇಕೆಂಬ ಹಂಬಲ ಅಂಗ್‌ಕೋರಿನ ಅರಸರಿಗೆ ಪೀಳಿಗೆಯಿಂದ ಪೀಳಿಗೆಗೆ ಇತ್ತು. ಈ ಮೇರುವಿನ ಮೈಯೆಲ್ಲ ಕೆತ್ತನೆಯ ಕಲ್ಲು, ಒಡಲೆಲ್ಲ ಮರಳು.

ಮೆಟ್ಟಿಲು ಮೆಟ್ಟಿಲಾಗಿ ಏರುವ ಪವಿತ್ರ ಕಟ್ಟಡಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶಿಖರದಿಂದ ಶುರುಮಾಡುತ್ತಾರೆ: ಎಷ್ಟು ಅಂತಸ್ತು, ಯಾವ ಲೋಕದ ಸಂಕೇತ, ಯಾವ ದಿನ ಸೂರ್ಯ ಎಲ್ಲಿ ಬೀಳುತ್ತಾನೆ. ಅದೆಲ್ಲ ಬೇಕಾದದ್ದೇ. ಆದರೆ ಇವು ಇಷ್ಟು ಶತಮಾನ ನಿಂತದ್ದು ಹೇಗೆ, ಕೆಲವು ಏಕೆ ನಿಲ್ಲಲಿಲ್ಲ ಎಂದು ಕೇಳಿದರೆ ನೋಟ ಒಡಲಿನ ಕಡೆ ತಿರುಗಬೇಕು. ಒಳಗೆ ಏನು ತುಂಬಿದ್ದಾರೆ? ಅದನ್ನು ಹಿಡಿದಿಟ್ಟ ಗೋಡೆ ಎಷ್ಟು ದಪ್ಪ? ಮೇಲೆ ಬಿದ್ದ ಮಳೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಜಗತ್ತಿನ ಬಹುಪಾಲು ಮೆಟ್ಟಿಲ ಬೆಟ್ಟಗಳ ಹಣೆಬರಹ ಈ ಮೂರು ಪ್ರಶ್ನೆಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಲೆಕ್ಕ ಕಷ್ಟದ್ದಲ್ಲ. ಗೋಡೆಯ ಹಿಂದೆ ಮಣ್ಣೋ ಮರಳೋ ತುಂಬಿದರೆ ಅದು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಈ ತಳ್ಳು ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಎತ್ತರ ಎರಡರಷ್ಟಾದರೆ ತಳ್ಳು ನಾಲ್ಕರಷ್ಟು. ಸಾಧಾರಣ ಒಣ ಮರಳನ್ನು 4 ಮೀಟರ್ ಎತ್ತರದ ತಡೆಗೋಡೆಯ ಹಿಂದೆ ತುಂಬಿದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 4 ಟನ್ ತಳ್ಳು ಬೀಳುತ್ತದೆ. ಅದೇ ಗೋಡೆಯನ್ನು 8 ಮೀಟರ್‌ಗೆ ಏರಿಸಿದರೆ 17 ಟನ್. 8 ಮೀಟರಿನ ಒಂದೇ ಗೋಡೆಯ ಬದಲು ನಾಲ್ಕು ನಾಲ್ಕು ಮೀಟರಿನ ಎರಡು ಗೋಡೆ ಕಟ್ಟಿ, ಮೇಲಿನದನ್ನು ಸಾಕಷ್ಟು ಹಿಂದಕ್ಕೆ ಸರಿಸಿದರೆ ಒಟ್ಟು ತಳ್ಳು ಅರ್ಧಕ್ಕಿಳಿಯುತ್ತದೆ. ಅಂತಸ್ತು ಎಂಬ ಉಪಾಯ ಪುರಾಣಕ್ಕೆ ಎಷ್ಟು ಸೇರಿದ್ದೋ ಮಣ್ಣಿನ ಗುಣಕ್ಕೂ ಅಷ್ಟೇ ಸೇರಿದ್ದು. ಬೆಟ್ಟದೂರಿನ ರೈತ ಇಳಿಜಾರಿನ ಗದ್ದೆಗೆ ಒಡ್ಡು ಹಾಕುವಾಗ ಮಾಡುವುದೂ ಇದನ್ನೇ.

ಇಲ್ಲಿ ‘ಸಾಕಷ್ಟು ಹಿಂದಕ್ಕೆ’ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ. ಮೇಲಿನ ಗೋಡೆ ಕೆಳಗಿನದರ ಮೇಲೆ ಭಾರ ಹಾಕದಿರಬೇಕಾದರೆ ಕೆಳಗಿನ ಗೋಡೆಯ ಎತ್ತರದ ಒಂದೂವರೆಯಿಂದ ಎರಡು ಪಟ್ಟು ಹಿಂದೆ ನಿಲ್ಲಬೇಕು. ಅಂದರೆ 4 ಮೀಟರ್ ಗೋಡೆಗೆ 6ರಿಂದ 8 ಮೀಟರ್ ಅಗಲದ ಜಗಲಿ. ಹಾಗೆ ಕಟ್ಟಿದರೆ ಬೆಟ್ಟ ತೀರ ಚಪ್ಪಟೆಯಾಗಿ ಕಾಣುತ್ತದೆ. ಮೇರುವನ್ನು ಕಡಿದಾಗಿ ಕಾಣಿಸಬೇಕೆಂದವರು ಜಗಲಿಯನ್ನು ಕಿರಿದು ಮಾಡಿದರು. ಮೇಲಿನ ಅಂತಸ್ತಿನ ಭಾರ ಕೆಳಗಿನ ಗೋಡೆಯ ಬೆನ್ನಿಗೆ ಬಿತ್ತು.

ಇದರ ಮೇಲೆ ಮಳೆ. ಮರಳಿನ ಸಂದುಗಳಲ್ಲಿ ನೀರು ತುಂಬಿ ನಿಂತರೆ ಮರಳಿನ ತಳ್ಳಿನ ಜೊತೆಗೆ ನೀರಿನ ತಳ್ಳೂ ಸೇರುತ್ತದೆ. ಅದೇ 4 ಮೀಟರ್ ಗೋಡೆಗೆ 4 ಟನ್ ಇದ್ದದ್ದು 10 ಟನ್ ದಾಟುತ್ತದೆ, ಒಣಗಿದ್ದಾಗಿನ ಸುಮಾರು ಎರಡೂವರೆ ಪಟ್ಟು. ಬೇಸಗೆಯಲ್ಲಿ ಗಟ್ಟಿಯಾಗಿ ನಿಂತ ಗೋಡೆ ಮಳೆಗಾಲದಲ್ಲಿ ಉಬ್ಬುವುದು ಇದರಿಂದಲೇ. ನಮ್ಮ ಘಟ್ಟದ ರಸ್ತೆಗಳ ತಡೆಗೋಡೆಗಳಲ್ಲಿ ಸಾಲಾಗಿ ಪೈಪಿನ ತೂತು ಬಿಟ್ಟಿರುವುದನ್ನು ಎಲ್ಲರೂ ನೋಡಿರುತ್ತಾರೆ. ಆ ತೂತು ಕಟ್ಟಿಕೊಂಡ ಗೋಡೆಯೇ ಮೊದಲು ಹೊಟ್ಟೆ ಬಿಡುವುದು.

ಬಾಫುವಾನ್‌ನಲ್ಲಿ ಆದದ್ದು ಇದೇ. ಕಲ್ಲಿನ ಮುಖಕ್ಕೆ ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಷ್ಟೆ. ಕೀಲುಗಳಲ್ಲಿ ನೀರು ಒಳಗಿಳಿದು ಮರಳು ಸೇರಿತು, ಹೊರಬರುವಾಗ ಮರಳನ್ನೂ ಕೊಚ್ಚಿ ತಂದಿತು. ಒಳಗೆ ಟೊಳ್ಳು, ಹೊರಗೆ ಉಬ್ಬು, ಆಮೇಲೆ ಕುಸಿತ. ಮುಂದೆ ಗುಡಿ ಬೌದ್ಧರದಾಗಿ, ಪಶ್ಚಿಮದ ಮುಖದಲ್ಲಿ ಸುಮಾರು 70 ಮೀಟರ್ ಉದ್ದದ ಮಲಗಿದ ಬುದ್ಧನನ್ನು ರಚಿಸುವ ಹೊತ್ತಿಗಾಗಲೇ ದೊಡ್ಡ ಭಾಗಗಳು ಬಿದ್ದಿದ್ದಿರಬೇಕು. 1960ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಒಂದು ಕಠಿಣ ತೀರ್ಮಾನಕ್ಕೆ ಬಂದರು: ಇಡೀ ಮುಖವನ್ನು ಬಿಚ್ಚಿ, ಮರಳಿನ ಎದುರು ಕಾಂಕ್ರೀಟಿನ ತಡೆಗೋಡೆ ಎಬ್ಬಿಸಿ, ಅದರ ಮೇಲೆ ಹಳೆಯ ಕಲ್ಲುಗಳನ್ನೇ ಮರಳಿ ಹೊದಿಸುವುದು. ಸುಮಾರು 3 ಲಕ್ಷ ಕಲ್ಲುಗಳು ಸುತ್ತಲಿನ ಕಾಡಿನಲ್ಲಿ ಸಾಲಾಗಿ ಇಳಿದವು. ಪ್ರತಿಯೊಂದಕ್ಕೂ ಗುರುತು, ಪ್ರತಿ ಗುರುತಿಗೂ ನಕ್ಷೆ. 70ರ ದಶಕದ ಯುದ್ಧದಲ್ಲಿ ಕೆಲಸ ನಿಂತಿತು. ಖ್ಮೇರ್ ರೂಜ್ ಆಳ್ವಿಕೆಯಲ್ಲಿ ನಕ್ಷೆ, ದಾಖಲೆಗಳೆಲ್ಲ ನಾಶವಾದವು.

90ರ ದಶಕದಲ್ಲಿ ಪಾಸ್ಕಾಲ್ ರೊಯೇರ್ ನೇತೃತ್ವದ ತಂಡ ಮರಳಿ ಬಂದಾಗ ಕೈಯಲ್ಲಿದ್ದದ್ದು ಪ್ಯಾರಿಸ್‌ನಲ್ಲಿ ಉಳಿದುಕೊಂಡಿದ್ದ ಹಳೆಯ ಛಾಯಾಚಿತ್ರಗಳು ಮತ್ತು ಕಾಡಿನಲ್ಲಿ ಪಾಚಿ ಹಿಡಿದ ಕಲ್ಲುಗಳು. ಗಾರೆಯಿಲ್ಲದ ಕಟ್ಟಡದಲ್ಲಿ ಪ್ರತಿ ಕಲ್ಲನ್ನೂ ನೆರೆಯ ಕಲ್ಲಿಗೆ ಹೊಂದುವಂತೆ ಉಜ್ಜಿ ಕೂರಿಸಿರುತ್ತಾರೆ; ಹಾಗಾಗಿ ಒಂದು ಕಲ್ಲಿಗೆ ಒಂದೇ ಜಾಗ. ಪಕ್ಕದ ಜಾಗಕ್ಕೆ ಇಟ್ಟರೆ ಬೆರಳು ತೂರುವಷ್ಟು ಸಂದು ಉಳಿದು ಮೇಲಿನ ವರಸೆಗಳೆಲ್ಲ ತಪ್ಪುತ್ತವೆ. ಅಚ್ಚುಗಳ ಎತ್ತರ ಅಳೆದು, ಕೆತ್ತನೆಯ ಸಾಲು ಹೊಂದಿಸಿ, ಒಂದೊಂದನ್ನೇ ಮನೆಗೆ ಸೇರಿಸುವ ಕೆಲಸ 2011ರಲ್ಲಿ ಮುಗಿಯಿತು. ಜೀರ್ಣೋದ್ಧಾರದ ಚರಿತ್ರೆಯಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸ ಇನ್ನೊಂದನ್ನು ನಾನರಿಯೆ.

ಮರಳಿಗಿಂತ ಬೇರೆ ಒಡಲು ಹಸಿ ಇಟ್ಟಿಗೆಯದು. ದಕ್ಷಿಣ ಇರಾಕಿನ ಉರ್‌ನಲ್ಲಿ ಊರ್-ನಮ್ಮು ಎಂಬ ದೊರೆ ಕ್ರಿ.ಪೂ. 21ನೇ ಶತಮಾನದಲ್ಲಿ ಚಂದ್ರದೇವನಿಗಾಗಿ ಆರಂಭಿಸಿ ಮಗ ಶುಲ್ಗಿ ಮುಗಿಸಿದ ಜಿಗುರಾತ್, ಅಂದರೆ ಮೆಟ್ಟಿಲ ಗೋಪುರ, ಇದೆ. ಬುಡ ಸುಮಾರು 64 ಮೀಟರಿಗೆ 45 ಮೀಟರ್. ಒಳಗೆಲ್ಲ ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ಸುತ್ತ ಸುಮಾರು ಎರಡೂವರೆ ಮೀಟರ್ ದಪ್ಪದ ಸುಟ್ಟ ಇಟ್ಟಿಗೆಯ ಹೊದಿಕೆ, ನಡುವೆ ಗಾರೆಯ ಬದಲು ಆ ನೆಲದಲ್ಲೇ ಒಸರುವ ಡಾಂಬರು. ಮುಂಭಾಗದಲ್ಲಿ ನೂರು ನೂರು ಮೆಟ್ಟಿಲಿನ ಮೂರು ಸಾಲುಗಳು ಒಂದೇ ಬಾಗಿಲಿಗೆ ಬಂದು ಸೇರುತ್ತವೆ. 1922ರಿಂದ 1934ರವರೆಗೆ ಇಲ್ಲಿ ಅಗೆದ ಲಿಯೊನಾರ್ಡ್ ವೂಲಿ ಸುಟ್ಟ ಇಟ್ಟಿಗೆಯ ಹೊದಿಕೆಯನ್ನು ಪೂರ್ತಿ ತೂರಿ ಹಸಿ ಇಟ್ಟಿಗೆಯವರೆಗೆ ಹೋಗುವ ಉದ್ದುದ್ದ ಕಿಂಡಿಗಳ ಸಾಲುಗಳನ್ನು ಗುರುತಿಸಿದರು.

ಹಸಿ ಇಟ್ಟಿಗೆಯ ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಸುತ್ತಲೂ ಡಾಂಬರಿನ ಗೋಡೆ ಬಿಗಿದು ಕಿಂಡಿ ಬಿಡದಿದ್ದರೆ ಒಳಗಿನ ತೇವಕ್ಕೆ ದಾರಿಯೇ ಇಲ್ಲ, ಉಬ್ಬಿದ ಒಡಲು ಹೊದಿಕೆಯನ್ನೇ ಸೀಳುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಮೇಸ್ತ್ರಿಗೆ ಇದು ಗೊತ್ತಿತ್ತು. ವೂಲಿ ಇನ್ನೂ ಮುಂದೆ ಹೋಗಿ, ಜಗಲಿಗಳ ಮೇಲೆ ಮರ ನೆಟ್ಟು ನೀರು ಹಾಯಿಸುತ್ತಿದ್ದುದರಿಂದಲೇ ಕಿಂಡಿ ಬೇಕಾಯಿತು ಎಂದು ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ, ನನಗೂ ಅದರ ಅಗತ್ಯ ಕಾಣುವುದಿಲ್ಲ; ಕಟ್ಟುವಾಗ ಇಟ್ಟಿಗೆ ಮತ್ತು ಕೆಸರಿನಲ್ಲಿದ್ದ ತೇವ, ಚಳಿಗಾಲದ ಮಳೆ, ಇವೆರಡೇ ಸಾಕು.

ಬಾಗ್ದಾದಿನ ಹೊರವಲಯದ ಅಕರ್ ಕುಫ್‌ನಲ್ಲಿ ಒಡಲನ್ನೇ ಬರಿಗಣ್ಣಿಗೆ ನೋಡಬಹುದು. ಕಸೈಟ್ ದೊರೆ ಕುರಿಗಲ್ಜುವಿನ ಜಿಗುರಾತ್ ಅದು. ಹೊದಿಕೆ ಕಳಚಿ ಐವತ್ತಕ್ಕೂ ಹೆಚ್ಚು ಮೀಟರಿನ ಹಸಿ ಇಟ್ಟಿಗೆಯ ಕಂಬವೊಂದು ಉಳಿದಿದೆ. ಏಳೆಂಟು ವರಸೆಗೊಮ್ಮೆ ಜೊಂಡಿನ ಚಾಪೆ ಹಾಸಿದ್ದಾರೆ, ಒಡಲಿನ ಅಡ್ಡಕ್ಕೆ ಜೊಂಡಿನ ದಪ್ಪ ಹಗ್ಗ ಎಳೆದಿದ್ದಾರೆ. ಚಾಪೆ ಭಾರವನ್ನು ಸಮನಾಗಿ ಹಂಚುತ್ತದೆ, ಬಿರುಕು ಮೇಲಿಂದ ಕೆಳಗೆ ಒಂದೇ ಸಮ ಓಡದಂತೆ ತಡೆಯುತ್ತದೆ. ಹಗ್ಗ ಎರಡು ಬದಿಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇವತ್ತು ಹೆದ್ದಾರಿ ಏರಿಗಳಲ್ಲಿ ಮಣ್ಣಿನ ನಡುವೆ ಪ್ಲಾಸ್ಟಿಕ್ ಜಾಲರಿ ಹಾಸುವುದು ಇದೇ ಕೆಲಸಕ್ಕೆ. ಮೂರು ಸಾವಿರ ವರ್ಷ ಮೀರಿದ ಆ ಚಾಪೆಗಳ ಅಂಚು ಈಗಲೂ ಗೆರೆಗಳಂತೆ ಹೊರಚಾಚಿವೆ.

ಇರಾನಿನ ಚೋಗಾ ಜಂಬೀಲ್‌ನದು ಮತ್ತೊಂದು ದಾರಿ. ಕ್ರಿ.ಪೂ. 13ನೇ ಶತಮಾನದ ಎಲಾಮ್ ದೊರೆ ಉಂತಾಶ್-ನಪಿರಿಶ ಕಟ್ಟಿಸಿದ್ದು, ಬುಡದ ಒಂದೊಂದು ಬದಿ ಸುಮಾರು 105 ಮೀಟರ್. ಇಲ್ಲಿ ಮೇಲಿನ ಅಂತಸ್ತನ್ನು ಕೆಳಗಿನದರ ಬೆನ್ನಿನ ಮೇಲೆ ಕೂರಿಸಿಲ್ಲ. ಪ್ರತಿ ಅಂತಸ್ತೂ ನೆಲದಿಂದಲೇ ಎದ್ದಿದೆ, ಒಂದರೊಳಗೊಂದು. ಹೊರಗಿನವು ಗಿಡ್ಡ, ಒಳಗಿನವು ಎತ್ತರ. ಇಟ್ಟಿಗೆ ಹೆಚ್ಚು ಬೇಕಾಗುತ್ತದೆ ನಿಜ, ಆದರೆ ಯಾವ ಅಂತಸ್ತೂ ಇನ್ನೊಂದರ ತುಂಬುಮಣ್ಣಿನ ಮೇಲೆ ನಿಂತಿಲ್ಲ. ಮೂಲ ಎತ್ತರದ ಅರ್ಧದಷ್ಟು, ಸುಮಾರು 25 ಮೀಟರ್, ಇಂದಿಗೂ ಇದೆ. ಬ್ಯಾಬಿಲೋನಿನ ಪ್ರಸಿದ್ಧ ಎತೆಮೆನಾಂಕಿಯ ಗತಿ ಇದಕ್ಕೆ ತಿರುಗುಮುರುಗು. ಸುಮಾರು 91 ಮೀಟರ್ ಚದರದ ಆ ಗೋಪುರದ ಸುಟ್ಟ ಇಟ್ಟಿಗೆಗೆ ಬೆಲೆಯಿತ್ತು, ಜನ ಹೊದಿಕೆಯನ್ನೇ ಬೇರುಸಹಿತ ಅಗೆದು ಒಯ್ದರು. ಈಗಿರುವುದು ಚೌಕಾಕಾರದ ಒಂದು ಹೊಂಡ, ನಡುವೆ ಹಸಿ ಇಟ್ಟಿಗೆಯ ಕುರುಹು.

ಈಜಿಪ್ಟಿನಲ್ಲಿ ಮಳೆಯ ಕಾಟ ಕಡಿಮೆ. ಅಲ್ಲಿನ ಪಾಠ ಹೊದಿಕೆಯ ಹಿಡಿತ ಮತ್ತು ಪಾಯದ್ದು. ಸಕ್ಕಾರದಲ್ಲಿ ಇಮ್ಹೋಟೆಪ್ ಹೆಸರಿಗೆ ಸಲ್ಲುವ ಜೋಸರ್ ದೊರೆಯ ಪಿರಮಿಡ್ ಶುರುವಾದದ್ದು 63 ಮೀಟರ್ ಬದಿಯ, 8 ಮೀಟರ್ ಎತ್ತರದ ಒಂದು ಚೌಕ ಕಟ್ಟೆಯಾಗಿ. ಅದನ್ನು ಎರಡು ಸಲ ಅಗಲಿಸಿ, ನಾಲ್ಕು ಅಂತಸ್ತಿಗೇರಿಸಿ, ಕೊನೆಗೆ ಆರಕ್ಕೆ ನಿಲ್ಲಿಸಿದರು: ಬುಡ 121 ಮೀಟರಿಗೆ 109, ಎತ್ತರ ಸುಮಾರು 62. ಒಳಗೆ ಸಡಿಲ ಮಣ್ಣಿಲ್ಲ. ನಡುವಿನ ಭಾಗಕ್ಕೆ ಒರಗಿದಂತೆ ಒಂದರ ಮೇಲೊಂದು ಪದರವಾಗಿ ಕಲ್ಲುಗೋಡೆ ಕಟ್ಟುತ್ತ ಬಂದಿದ್ದಾರೆ, ವರಸೆಗಳನ್ನು ಒಳಮುಖವಾಗಿ ವಾಲಿಸಿದ್ದಾರೆ. ಕಲ್ಲಿನ ಭಾರ ಹೊರಗೆ ಜಾರುವ ಬದಲು ನಡುವಿಗೆ ಒತ್ತುತ್ತದೆ. 1992ರ ಭೂಕಂಪದ ನಂತರ ಅಪಾಯ ಕಂಡದ್ದು ಮೈಯಲ್ಲಲ್ಲ, ಅಡಿಯಲ್ಲಿ: ಪಿರಮಿಡ್ಡಿನ ಕೆಳಗೆ 28 ಮೀಟರ್ ಆಳದ ಬಾವಿಯಂಥ ಕುಳಿಯಿದೆ, ಅದರ ಚಾವಣಿಯ ಕಲ್ಲುಗಳು ಉದುರುತ್ತಿದ್ದವು. ಅವನ್ನು ಎತ್ತಿ ಹಿಡಿಯಲು ಉಬ್ಬಿಸುವ ಚೀಲಗಳನ್ನು ಬಳಸಿದರು. ದೀರ್ಘ ದುರಸ್ತಿಯ ನಂತರ 2020ರ ಮಾರ್ಚಿನಲ್ಲಿ ಮತ್ತೆ ತೆರೆದರು.

ಮೈದೂಮ್‌ನಲ್ಲಿ ಕೈ ತಪ್ಪಿತು. ಏಳು ಅಂತಸ್ತಿನ ಪಿರಮಿಡ್ ಎಂಟಾಯಿತು. ಆಮೇಲೆ ಮೆಟ್ಟಿಲುಗಳನ್ನೆಲ್ಲ ತುಂಬಿ ನುಣುಪಾದ ನಿಜ ಪಿರಮಿಡ್ ಮಾಡಲು ಹೊರಟರು. ಒಳಗಿನ ಅಂತಸ್ತುಗಳು ಬಂಡೆಯ ಮೇಲೆ ನಿಂತಿದ್ದವು, ಹೊಸ ಹೊದಿಕೆ ಮರಳಿನ ಮೇಲೆ. ಹಳೆಯ ಮುಖಗಳನ್ನು ಹೊರಗೆ ಕಾಣಲೆಂದೇ ನಯ ಮಾಡಿದ್ದರಿಂದ ಹೊಸ ತುಂಬುಗಲ್ಲಿಗೆ ಕಚ್ಚಿಕೊಳ್ಳಲು ಏನೂ ಸಿಗಲಿಲ್ಲ. ಕಲ್ಲನ್ನು ಒಳಕ್ಕೆ ವಾಲಿಸದೆ ಮಟ್ಟಸವಾಗಿ ಇಟ್ಟರು. ಈ ಮೂರರಲ್ಲಿ ಒಂದಿದ್ದರೂ ಕಷ್ಟ, ಇಲ್ಲಿ ಮೂರೂ ಕೂಡಿದವು. ಯಾವಾಗ ಕುಸಿಯಿತು, ಒಮ್ಮೆಲೇ ಬಿತ್ತೋ ಕಲ್ಲು ಕದ್ದವರ ಕೈಯಿಂದ ನಿಧಾನಕ್ಕೆ ಕರಗಿತೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಂದು ಕಾಣುವುದು ಕಲ್ಲುಗುಪ್ಪೆಯ ನಡುವಿಂದ ಎದ್ದ ಕಡಿದಾದ ಗೋಪುರ, ಹಳೆಯ ಅಂತಸ್ತುಗಳ ಉಳಿಕೆ.

ಮೆಕ್ಸಿಕೊದವರಿಗೆ ಹಳೆಯದನ್ನು ಕೆಡವಿ ಹೊಸದು ಕಟ್ಟುವ ರೂಢಿಯಿರಲಿಲ್ಲ. ಹಳೆಯದರ ಮೇಲೇ ಹೊಸದನ್ನು ಹೊದಿಸುತ್ತಿದ್ದರು. ಚಿಚೆನ್ ಇಟ್ಜಾದ ಎಲ್ ಕಸ್ತೀಯೋ ಎಂದರೆ ಎಲ್ಲರಿಗೂ 365 ಮೆಟ್ಟಿಲಿನ ಲೆಕ್ಕ ನೆನಪಾಗುತ್ತದೆ: ನಾಲ್ಕು ಬದಿಗೆ 91ರಂತೆ 364, ಮೇಲಿನ ಜಗಲಿ ಸೇರಿ 365. ನನಗೆ ಅದಕ್ಕಿಂತ ದೊಡ್ಡ ಸಂಗತಿ ಎನಿಸುವುದು ಅದರ ಒಳಗು. ಒಂಬತ್ತು ಅಂತಸ್ತಿನ ಆ ಪಿರಮಿಡ್ಡಿನೊಳಗೆ ಇನ್ನೊಂದು ಪಿರಮಿಡ್ ಇದೆ, ಅದರ ಗರ್ಭಗುಡಿಯಲ್ಲಿ ಕೆಂಪು ಬಳಿದ ಜಾಗ್ವಾರ್ ಆಸನ ಇಟ್ಟಲ್ಲೇ ಸಿಕ್ಕಿತು. 2016ರಲ್ಲಿ ನೆಲಕ್ಕೆ ವಿದ್ಯುತ್ ಹರಿಸಿ ತಡೆಯಳೆಯುವ ವಿಧಾನದಿಂದ ಅದರೊಳಗೆ ಮೂರನೆಯದೊಂದು, ಸುಮಾರು 10 ಮೀಟರ್ ಎತ್ತರದ್ದು, ಇರುವುದು ತಿಳಿಯಿತು. ಹಳೆಯ ಪಿರಮಿಡ್ಡಿನ ಗಟ್ಟಿ ಮೈಯೇ ಹೊಸದಕ್ಕೆ ಒಡಲಾದ್ದರಿಂದ ಸಡಿಲ ತುಂಬುಗಲ್ಲಿನ ಪಾಲು ಕಡಿಮೆಯಾಗುತ್ತದೆ.

ಮೆಕ್ಸಿಕೊ ನಗರದ ಹೃದಯಭಾಗದಲ್ಲಿರುವ ಅಜ್ಟೆಕ್ ಮಹಾಮಂದಿರವನ್ನು ಹೀಗೆ ಏಳು ಹಂತಗಳಲ್ಲಿ ಬೆಳೆಸಿದರು. ಕಾರಣ ಭಕ್ತಿಯೊಂದೇ ಅಲ್ಲ. ಊರು ಇದ್ದದ್ದು ಸರೋವರದ ನಡುವಿನ ಕೆಸರು ದ್ವೀಪದಲ್ಲಿ. ಭಾರಕ್ಕೆ ಮಂದಿರ ಕೆಸರಿನೊಳಗೆ ಕುಸಿಯುತ್ತಿತ್ತು, ಪ್ರವಾಹ ಬರುತ್ತಿತ್ತು. ಎತ್ತರಿಸಿ ಹೊದಿಸಿದಂತೆ ಭಾರ ಹೆಚ್ಚಿ ಮತ್ತೆ ಕುಸಿಯುತ್ತಿತ್ತು. ಸ್ಪೇನಿನವರು ಮೇಲಿನ ಹಂತಗಳನ್ನು ನೆಲಸಮ ಮಾಡಿದರೂ ಎರಡನೇ ಹಂತದ ಜೋಡಿ ಗುಡಿಗಳು ಕೈಗೆ ಸಿಗದಷ್ಟು ಆಳಕ್ಕೆ ಹೋಗಿದ್ದವು. 1978ರ ಫೆಬ್ರವರಿಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಕೇಬಲ್‌ಗಾಗಿ ಅಗೆಯುವಾಗ ಚಂದ್ರದೇವತೆ ಕೊಯೊಲ್‌ಶೌಕಿಯ ದೊಡ್ಡ ದುಂಡುಕಲ್ಲು ಸಿಕ್ಕಿ, ಅಲ್ಲಿಂದ ಮಂದಿರದ ಉತ್ಖನನ ಶುರುವಾಯಿತು. ಮುಳುಗಿದ್ದೇ ಅದರ ರಕ್ಷೆಯಾಯಿತು.

ಈ ಪದರಗಳ ಜ್ಞಾನ ಅರ್ಧಂಬರ್ಧ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ತಿಯೊತಿವಾಕಾನ್‌ನ ಸೂರ್ಯ ಪಿರಮಿಡ್ ಸಾಕ್ಷಿ. ಬದಿ ಸುಮಾರು 225 ಮೀಟರ್, ಎತ್ತರ ಸುಮಾರು 65. 1910ರ ಸ್ವಾತಂತ್ರ್ಯ ಶತಮಾನೋತ್ಸವಕ್ಕೆ ಸಿಂಗರಿಸಲು 1905ರಲ್ಲಿ ಲಿಯೊಪೊಲ್ಡೊ ಬಾತ್ರೆಸ್ ಕೆಲಸ ಆರಂಭಿಸಿದರು. ಹೊರಗಿನ ಪದರ ತೆಗೆದರೆ ಒಳಗೆ ಹಳೆಯ ಪಿರಮಿಡ್ಡಿನ ಸುಂದರ ಮುಖ ಸಿಗುತ್ತದೆಂದು ನಂಬಿ ಹಲವು ಮೀಟರ್ ದಪ್ಪದ ಮೈಯನ್ನೇ ಕಿತ್ತರು. ಸಿಕ್ಕಿದ್ದು ಒಡಲನ್ನು ಹಿಡಿದಿಡುವ ಒಳಗಿನ ಆಸರೆಗೋಡೆಗಳು, ಅವುಗಳ ನಡುವೆ ಮಣ್ಣು. ಮುಂದಿನ ಮಳೆಗೆ ಆ ಮಣ್ಣು ಕರಗಿ ಇಳಿಯತೊಡಗಿತು, ಅವಸರದಲ್ಲಿ ಕಲ್ಲು-ಸಿಮೆಂಟಿನಿಂದ ಮುಚ್ಚಿದರು. ನಾಲ್ಕು ಅಂತಸ್ತಿದ್ದ ಪಿರಮಿಡ್ ಐದರದಾಗಿ ಕಾಣುವಂತಾಯಿತು. ಪ್ರವಾಸಿಗರು ಇಂದು ಚಿತ್ರ ತೆಗೆಯುವ ಆ ಆಕಾರ ಕಟ್ಟಿದವರದಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮೆಕ್ಸಿಕೊದ ಈ ಪಿರಮಿಡ್‌ಗಳು ನಾವಿಂದು ನೋಡುವಂತೆ ಬೋಳುಗಲ್ಲಿನವಾಗಿರಲಿಲ್ಲ. ಮೈಪೂರ್ತಿ ಸುಣ್ಣದ ಗಾರೆ, ಅದರ ಮೇಲೆ ಬಣ್ಣ. ಗಾರೆ ಅಂದಕ್ಕಿಂತ ಹೆಚ್ಚಾಗಿ ಕೊಡೆ. ಮತ್ತೆ ಮತ್ತೆ ಬಳಿಯುವವರು ಇರುವವರೆಗೆ ನೀರು ಮೇಲಿಂದ ಮೇಲೆಯೇ ಜಾರುತ್ತಿತ್ತು. ಊರು ಪಾಳುಬಿದ್ದ ಮೇಲೆ ಗಾರೆ ಒಡೆದು, ಬಿರುಕಿನಲ್ಲಿ ಬೀಜ ಬಿದ್ದು, ಬೇರು ಇಳಿದು, ಬೇರಿನ ದಾರಿಯಲ್ಲಿ ನೀರೂ ಇಳಿಯಿತು. ಬೆಲೀಜ್‌ನ ನೊಹ್ಮುಲ್‌ನ ದೊಡ್ಡ ಮಾಯಾ ಪಿರಮಿಡ್ ಕಾಡು ಬೆಳೆದ ಗುಡ್ಡದಂತೆ ಆಗಿತ್ತು; 2013ರಲ್ಲಿ ಅದರ ಸುಣ್ಣಕಲ್ಲನ್ನು ರಸ್ತೆಗೆ ಹಾಕಲೆಂದು ಯಂತ್ರಗಳಿಂದ ಅಗೆದು ಹಾಕಿದರು. ಉಳಿದದ್ದು ನಡುವಿನ ತಿರುಳಷ್ಟೆ.

ಈಗ ಬೊರೊಬುದೂರ್. ಈ ಜಾತಿಯ ಕಟ್ಟಡಗಳಲ್ಲಿ ನೀರಿನ ಜೊತೆಗಿನ ಗುದ್ದಾಟ ಇಷ್ಟು ದೀರ್ಘವಾಗಿ, ಇಷ್ಟು ವಿವರವಾಗಿ ದಾಖಲಾದದ್ದು ಇನ್ನೊಂದಿಲ್ಲ. ಮಧ್ಯ ಜಾವಾದಲ್ಲಿ ಶೈಲೇಂದ್ರರ ಕಾಲದಲ್ಲಿ, 8ನೇ ಶತಮಾನದ ಕೊನೆಗೂ 9ನೆಯದರ ಆರಂಭಕ್ಕೂ ನಡುವೆ ಎದ್ದದ್ದು. ಆರು ಚೌಕ ಅಂತಸ್ತು, ಮೇಲೆ ಮೂರು ದುಂಡು ಜಗಲಿ. ಅವುಗಳ ಮೇಲೆ ಕೆಳಗಿನಿಂದ 32, 24, 16ರಂತೆ 72 ಜಾಲಂಧ್ರದ ಸ್ತೂಪಗಳು, ತುದಿಗೆ ದೊಡ್ಡ ಸ್ತೂಪ. 504 ಬುದ್ಧರು, 2,672 ಉಬ್ಬುಶಿಲ್ಪದ ಫಲಕಗಳು. ಸುಮಾರು 55,000 ಘನ ಮೀಟರ್ ಆಂಡೆಸೈಟ್ ಕಲ್ಲು, ಗಾರೆಯೇ ಇಲ್ಲ. ಇಷ್ಟೂ ಕಲ್ಲು ಒಂದು ಗುಡ್ಡಕ್ಕೆ ತೊಡಿಸಿದ ಅಂಗಿ. ಗುಡ್ಡ ಪೂರ್ತಿ ಸಹಜದ್ದೂ ಅಲ್ಲ; ಆಕಾರ ಸರಿಪಡಿಸಲು ಮಣ್ಣು ತುಂಬಿದ್ದಾರೆ.

ಕಟ್ಟುತ್ತಿರುವಾಗಲೇ ತೊಂದರೆ ತಲೆಯೆತ್ತಿದ ಗುರುತಿದೆ. ಈಗ ಕಾಣುವ ಅಗಲವಾದ ಬುಡದ ಹಿಂದೆ ಇನ್ನೊಂದು ಬುಡವಿದೆ. 1885ರಲ್ಲಿ ಆಯ್ಜರ್‌ಮನ್ ಎಂಬ ಡಚ್ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು. 1890–91ರಲ್ಲಿ ಹೊದಿಕೆಗಲ್ಲು ತೆಗೆದು ಕಸಿಯನ್ ಸೆಫಾಸ್ ಎಂಬ ಜಾವಾದ ಛಾಯಾಗ್ರಾಹಕರಿಂದ ಚಿತ್ರ ತೆಗೆಸಿ ಮರಳಿ ಮುಚ್ಚಿದರು. ಅಲ್ಲಿ ಕರ್ಮಫಲವನ್ನು ಹೇಳುವ 160 ಫಲಕಗಳಿವೆ. ಕೆಲವು ಅರ್ಧಕ್ಕೇ ನಿಂತಿವೆ, ಕೆಲವದರ ಮೇಲೆ ಶಿಲ್ಪಿಗೆ ಸೂಚನೆಯಾಗಿ ಬರೆದ ಸಣ್ಣ ಸಂಸ್ಕೃತ ಪದಗಳು ಹಾಗೇ ಉಳಿದಿವೆ. ಕೆಟ್ಟ ಕರ್ಮದ ದೃಶ್ಯಗಳನ್ನು ಉದ್ದೇಶಪೂರ್ವಕವಾಗಿ ಮರೆಮಾಡಿದರು ಎಂಬ ವಾದವೊಂದಿದೆ. ಕೆತ್ತನೆ ಮುಗಿಯುವ ಮೊದಲೇ ಅವಸರದಲ್ಲಿ ಮುಚ್ಚಿದ್ದನ್ನು ನೋಡಿದರೆ, ಬುಡ ಹೊರಕ್ಕೆ ಜಾರುತ್ತಿತ್ತು, ಆಸರೆಗೆಂದು ಕಲ್ಲಿನ ದಪ್ಪ ಪಟ್ಟಿ ಬಿಗಿದರು ಎಂಬ ವಾದವೇ ನನಗೆ ಹೆಚ್ಚು ಒಪ್ಪಿಗೆ. ಆಗ್ನೇಯ ಮೂಲೆಯಲ್ಲಿ ಈ ಬುಡದ ತುಣುಕೊಂದು ಇಂದಿಗೂ ತೆರೆದಿದೆ.

ಮಳೆನೀರಿಗೆ ಕಟ್ಟಿದವರು ದಾರಿ ಮಾಡಿರಲಿಲ್ಲವೆಂದಲ್ಲ. ಮೂಲೆಮೂಲೆಗೆ ಮಕರಮುಖದ ಬಾಯಿಗಳಿವೆ, ಸುಮಾರು 100. ಒಂದು ಮೊಗಸಾಲೆಯ ನೀರು ಅವುಗಳಿಂದ ಕೆಳಗಿನದಕ್ಕೆ ಬೀಳುತ್ತದೆ. ಆದರೆ ನೆಲಹಾಸಿನ ಕೀಲುಗಳಲ್ಲೇ ಇಳಿದುಹೋಗುವ ನೀರಿಗೆ ಮಕರದ ಬಾಯಿಯವರೆಗೆ ಹರಿಯುವ ಪುರಸತ್ತೆಲ್ಲಿ? ಅದು ಒಳಗಿನ ಮಣ್ಣಿಗೆ ಹೋಗಿ, ಮಣ್ಣಿನ ನುಣುಪು ಕಣಗಳನ್ನು ಹೊತ್ತು, ಶಿಲ್ಪದ ಗೋಡೆಗಳ ಸಂದಿನಲ್ಲಿ ಹೊರಗೆ ಜಿನುಗಿತು. ಅದರಿಂದ ಎರಡು ಹಾನಿ. ಒಂದು, ಗೋಡೆಗಳು ವಾಲಿದವು, ನೆಲ ತಗ್ಗಿತು. ಇನ್ನೊಂದು ಕಣ್ಣಿಗೆ ಬೇಗ ಬೀಳದ್ದು: ಜಿನುಗುವ ನೀರು ಕಲ್ಲಿನ ಮುಖದಲ್ಲಿ ಆವಿಯಾಗುವಾಗ ತಂದ ಲವಣವನ್ನು ಅಲ್ಲೇ ಬಿಡುತ್ತದೆ. ಲವಣ ಕಲ್ಲಿನ ರಂಧ್ರದೊಳಗೆ ಹರಳುಗಟ್ಟಿ ಹಿಗ್ಗಿ ಮೇಲ್ಮೈಯನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಬುದ್ಧನ ಮೂಗು, ಅಪ್ಸರೆಯ ಬೆರಳು ಮೊದಲು ಹೋಗುವುದು ಹೀಗೆ. ತೇವವಿದ್ದಲ್ಲಿ ಪಾಚಿ, ಕಲ್ಲುಹೂವು ಇದ್ದೇ ಇರುತ್ತವೆ.

1907ರಿಂದ 1911ರವರೆಗೆ ತಿಯೊಡೋರ್ ವಾನ್ ಎರ್ಪ್ ನಡೆಸಿದ ಜೀರ್ಣೋದ್ಧಾರ ಮೇಲಿನ ದುಂಡು ಜಗಲಿಗಳನ್ನು ನೆಟ್ಟಗಾಗಿಸಿತು. ಚೌಕ ಅಂತಸ್ತುಗಳ ವಾಲಿದ ಗೋಡೆಗಳನ್ನು ಅವರು ಹಾಗೇ ಬಿಟ್ಟರು, ಕೀಲುಗಳಿಗೆ ಸಿಮೆಂಟು ಬಳಸಿದರು. ಅವರ ಕಾಲಕ್ಕೆ ಅದು ಒಳ್ಳೆಯ ಸಾಮಗ್ರಿ. ಆದರೆ ಸಿಮೆಂಟಿನಿಂದ ಕರಗಿ ಬರುವ ಕ್ಷಾರ ಕಲ್ಲಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಕೀಲು ಮುಚ್ಚಿದಾಗ ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ. ಹಳೆಯ ಗುಡಿಗಳ ಸಂದಿಗೆ ಸಿಮೆಂಟು ಮೆತ್ತುವ ಚಟ ನಮ್ಮಲ್ಲೂ ಇದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಸಿಮೆಂಟು ಉಸಿರು ಕಟ್ಟಿಸುತ್ತದೆ.

ಯುನೆಸ್ಕೊ ನೆರವಿನ ದೊಡ್ಡ ಕೆಲಸ 1973ರಲ್ಲಿ ಆರಂಭವಾಗಿ 1983ರ ಫೆಬ್ರವರಿಯಲ್ಲಿ ಮುಗಿಯಿತು. ಇಂಡೋನೇಷ್ಯಾದ ಪುರಾತತ್ತ್ವಜ್ಞ ಸುಕ್ಮೊನೊ ಅದರ ಮುಂದಾಳು. ಚೌಕ ಅಂತಸ್ತುಗಳನ್ನು ಬಿಚ್ಚಿ ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನು ಇಳಿಸಿದರು. ಪ್ರತಿಯೊಂದನ್ನೂ ದಾಖಲಿಸಿ, ತೊಳೆದು, ಒಣಗಿಸಿ ಮರಳಿ ಇಟ್ಟರು. ಪ್ರತಿ ಅಂತಸ್ತಿನಡಿ ಕಾಂಕ್ರೀಟಿನ ಹಲಗೆ, ಶಿಲ್ಪದ ಗೋಡೆಯ ಹಿಂದೆ ನೀರು ದಾಟದ ಪದರ, ಅದರ ಹಿಂದೆ ನೀರನ್ನು ಸೋಸಿ ಇಳಿಸುವ ಜಲ್ಲಿ, ಕೆಳಗೆ ನೀರು ಒಯ್ಯುವ ಕೊಳವೆ. ಎಲ್ಲವೂ ಮರೆಯಲ್ಲಿ. ನೀರನ್ನು ತಡೆಯುವುದಕ್ಕಿಂತ ಅದಕ್ಕೊಂದು ವಾಟ ಕೊಟ್ಟು ಬೇಗ ಹೊರಗೆ ಕಳಿಸುವುದೇ ಇಡೀ ಯೋಜನೆಯ ತಿರುಳು. ಬೊಲಿವಿಯಾದ ತಿವಾನಾಕುವಿನಲ್ಲಿ ಅಕಪಾನ ಎಂಬ ಮೆಟ್ಟಿಲ ದಿಬ್ಬ ಕಟ್ಟಿದವರು ಒಡಲೊಳಗೇ ಕಲ್ಲಿನ ಕಾಲುವೆ ಹಾಸಿ ಈ ಬುದ್ಧಿಯನ್ನು ಮೊದಲೇ ತೋರಿದ್ದರು.

ಕೊಳವೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೆರಾಪಿ ಜ್ವಾಲಾಮುಖಿ ಅಲ್ಲಿಂದ 30 ಕಿಲೋಮೀಟರಿಗೂ ಕಡಿಮೆ. 2010ರ ಅಕ್ಟೋಬರ್–ನವೆಂಬರಿನಲ್ಲಿ ಅದು ಸಿಡಿದಾಗ ಸ್ಮಾರಕದ ಮೇಲೆ ಎರಡೂವರೆ ಸೆಂಟಿಮೀಟರಿನಷ್ಟು ಬೂದಿ ಕೂತಿತು. ಆ ಬೂದಿ ಆಮ್ಲದ್ದು, ಕಲ್ಲಿಗೆ ಕೆಟ್ಟದ್ದು. ಅದಕ್ಕಿಂತ ಕೆಟ್ಟದ್ದು ಮಳೆಗೆ ಅದು ಕೆಸರಾಗಿ ಕೀಲುಗಳಿಂದಿಳಿದು ಒಳಗಿನ ಚರಂಡಿಗಳನ್ನು ಕಟ್ಟಿದ್ದು. ಗುಡಿಸಿ ತೊಳೆದರೆ ಸಾಲಲಿಲ್ಲ. 55,000ಕ್ಕೂ ಹೆಚ್ಚು ಕಲ್ಲುಗಳನ್ನು ಮತ್ತೆ ಎತ್ತಿ ಚರಂಡಿ ಬಿಡಿಸಬೇಕಾಯಿತು. ಒಂದು ವರ್ಷ ಹಿಡಿಯಿತು. ಈಗ ಇನ್ನೊಂದು ಸವೆತದ ಚಿಂತೆ: ಮೆಟ್ಟಿಲಿನ ಕಲ್ಲು ಪಾದರಕ್ಷೆಯ ತಿಕ್ಕಾಟಕ್ಕೆ, ಅಟ್ಟೆಯಲ್ಲಿ ಅಂಟಿದ ಮರಳಿಗೆ ತೇಯುತ್ತಿದೆ. ಹಾಗಾಗಿ ಮೇಲೇರುವವರ ಸಂಖ್ಯೆಗೆ ಮಿತಿ ಹಾಕಿ, ಉಪಾನತ್ ಎಂಬ ಹೆಣೆದ ಮೆತ್ತನೆಯ ಚಪ್ಪಲಿ ಕೊಟ್ಟೇ ಕಳಿಸುತ್ತಾರೆ. ಬಂದವರಿಗೆ ಬೇಸರವಾದರೂ ಇದು ಸರಿಯಾದ ಕ್ರಮ.

ನಮ್ಮ ಹಂಪಿಯ ಮಹಾನವಮಿ ದಿಬ್ಬವನ್ನೂ ಇದೇ ಕಣ್ಣಿನಿಂದ ನೋಡಬಹುದು. ಮೂರು ಅಂತಸ್ತಿನ ಕಟ್ಟೆ, ಮುಖಕ್ಕೆ ಕೆತ್ತಿದ ಕಣಶಿಲೆ. ಪಶ್ಚಿಮದ ಬದಿಗೆ ಹೋದರೆ ಹಸಿರುಬೂದು ಬಣ್ಣದ ಮೆತುಕಲ್ಲಿನ ಹೊದಿಕೆಯನ್ನು ಹಳೆಯ ಮುಖದ ಮೇಲೆ ಆಮೇಲೆ ಸೇರಿಸಿದ್ದು ಕಾಣುತ್ತದೆ. ಒಂದೇ ಕಟ್ಟೆ ಹಂತಹಂತವಾಗಿ ಬೆಳೆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಹತ್ತಿರದಲ್ಲೇ, 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಕೊಳವಿದೆ. ಐದು ಅಂತಸ್ತು ಕೆಳಕ್ಕಿಳಿಯುವ ತಲೆಕೆಳಗಾದ ಪಿರಮಿಡ್. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಕೆಲಸಗಾರರೇ ಗೀಚಿದ ಗುರುತುಗಳಿವೆ.

ಕೊಳದಲ್ಲಿ ತಳ್ಳಿನ ದಿಕ್ಕು ತಿರುಗುತ್ತದೆ. ಸುತ್ತಲಿನ ಮಣ್ಣು ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ತುಂಬಿದ ನೀರು ಅದಕ್ಕೆ ಎದುರು ನಿಲ್ಲುತ್ತದೆ. ಅಪಾಯ ತುಂಬಿದಾಗ ಇಲ್ಲ. ಮಳೆಗೆ ಸುತ್ತಲ ನೆಲ ತೋಯ್ದು, ಕೊಳದ ನೀರನ್ನು ಒಮ್ಮೆಲೇ ಖಾಲಿ ಮಾಡಿದಾಗ. ಹೂಳೆತ್ತುವ ಹುರುಪಿನಲ್ಲಿ ಹಳೆಯ ಕಲ್ಯಾಣಿಗಳ ನೀರನ್ನು ಪಂಪಿಟ್ಟು ರಾತ್ರಿ ಬೆಳಗಾಗುವುದರೊಳಗೆ ಬರಿದು ಮಾಡಿದರೆ ಮೆಟ್ಟಿಲ ಸಾಲು ಒಳಕ್ಕೆ ಮುಗ್ಗರಿಸುವುದು ಇದಕ್ಕೇ. ಬೇಸಗೆಯ ಕೊನೆಗೆ, ನೆಲದ ನೀರು ತಗ್ಗಿದಾಗ, ದಿನಕ್ಕೆ ಇಷ್ಟಿಷ್ಟೇ ಇಳಿಸಬೇಕು.

ಇಂಥ ಯಾವುದೇ ಜಾಗಕ್ಕೆ ಹೋದರೂ ಹತ್ತುವ ಮೊದಲು ಒಂದು ಸುತ್ತು ಬುಡವನ್ನು ನೋಡಿ. ಗೋಡೆಗೆ ಕಣ್ಣು ತಾಗಿಸುವಷ್ಟು ಹತ್ತಿರ ನಿಂತು ಉದ್ದಕ್ಕೆ ದೃಷ್ಟಿ ಹಾಯಿಸಿದರೆ ಉಬ್ಬು ಎಲ್ಲಿದೆ ಎಂದು ತಿಳಿಯುತ್ತದೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಉಬ್ಬಿದ್ದರೆ ಒಳಗೆ ನೀರು ನಿಲ್ಲುತ್ತಿರುವ ಅನುಮಾನ ಹೆಚ್ಚು. ಬಿಳಿ ಪೊರೆಯ ಅಡ್ಡಗೆರೆ ಕಂಡರೆ ತೇವ ಅಲ್ಲಿಯವರೆಗೆ ಏರಿ ಆವಿಯಾಗುತ್ತಿದೆ. ಮಳೆ ನಿಂತು ಎರಡು ದಿನವಾದರೂ ಒಂದು ಕೀಲು ಒದ್ದೆಯಿದ್ದರೆ ಒಡಲಿನ ನೀರು ಅಲ್ಲಿಂದ ಬರುತ್ತಿದೆ. ಅದರ ಕೆಳಗೆ ನುಣುಪು ಮಣ್ಣು ಗುಡ್ಡೆಯಾಗಿದ್ದರೆ ಒಳಗೆ ಟೊಳ್ಳು ಶುರುವಾಗಿದೆ. ಅರಳಿ, ಆಲದ ಸಸಿ ಬೆರಳುದ್ದ ಇರುವಾಗಲೇ ತೆಗೆದರೆ ಕಲ್ಲು ಅಲುಗದು. ಬೇರು ದಪ್ಪವಾದ ಮೇಲೆ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ, ಆಗ ಬುಡ ಕತ್ತರಿಸಿ ಬೇರನ್ನು ಅಲ್ಲೇ ಸಾಯಿಸಿ ಟೊಳ್ಳಿಗೆ ಸುಣ್ಣದ ಗಾರೆ ತುಂಬುವುದೊಂದೇ ದಾರಿ. ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಮತ್ತು ಮುಂಗಾರು ಮುಗಿದ ಮೇಲೆ, ಜಗಲಿಗಳ ಎಲೆ ಗುಡಿಸಿ ನೀರಿನ ಬಾಯಿಗಳನ್ನು ಬಿಡಿಸಬೇಕು. ಕಂಡದ್ದನ್ನು ದಿನಾಂಕ ಹಾಕಿ, ಒಂದೇ ಜಾಗದಿಂದ ಚಿತ್ರ ತೆಗೆದಿಟ್ಟು, ಅಲ್ಲಿನ ಕಾವಲುಗಾರರಿಗೂ ಪುರಾತತ್ತ್ವ ಇಲಾಖೆಯ ಕಚೇರಿಗೂ ತಿಳಿಸಿ.